ಸ್ಟುಟ್‌ಗಾರ್ಟ್ ಬಿಟ್ಟು ಐಂಡ್‌ಹೋವನ್‌ಗೆ

ಜರ್ಮನಿ ಬಿಟ್ಟು ನೆದರ್ಲೆಂಡ್ಸ್‌ಗೆ ಹೋಗ್ತಿದೀವಿ ಅಂದಾಗ ತುಮಕೂರಿನಲ್ಲಿರುವ ನಮ್ಮಮ್ಮ ಕೇಳಿದ್ದು ಇಷ್ಟೇ: "ಎರಡೂ ಯುರೋಪೇ ಅಲ್ವೇನೇ? ತುಮಕೂರಿಂದ ಹಾಸನಕ್ಕೆ ವರ್ಗ ಆದಂಗೆ ತಾನೆ?" ನೋಡುವವರಿಗೆ ಹಾಗೇ ಕಾಣುತ್ತದೆ. ಎರಡೂ ಕಡೆ ನಡೆಯುವುದು ಅದೇ ಯೂರೋ. ನಡುವೆ ಗೇಟಿಲ್ಲ. ದಾರಿ ಸುಮಾರು 500 ಕಿಲೋಮೀಟರ್, ಬೆಳಿಗ್ಗೆ ಬೇಗ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ತಲುಪಬಹುದು. ಜರ್ಮನ್ ಪಾಸ್‌ಪೋರ್ಟ್ ಇದ್ದವರ ಮಟ್ಟಿಗೆ ಅಮ್ಮ ಹೇಳಿದ್ದು ಪೂರ್ತಿ ಸರಿ. ಅವರು ಸಾಮಾನು ತುಂಬಿಕೊಂಡು ಹೊರಟರೆ ಯಾರೂ ಏನೂ ಕೇಳುವ ಹಾಗಿಲ್ಲ. ನಮ್ಮ ನೀಲಿ ಪಾಸ್‌ಪೋರ್ಟಿಗೆ ಮಾತ್ರ ಯುರೋಪಿನ ಒಂದೊಂದು ದೇಶವೂ ಬೇರೆ ಬೇರೆಯೇ. ಒಂದು ಕಡೆ ಸಂಪಾದಿಸಿಕೊಂಡಿದ್ದರಲ್ಲಿ ಏನು ಜೊತೆಗೆ ಬರುತ್ತದೆ, ಏನು ಅಲ್ಲೇ ಉಳಿಯುತ್ತದೆ ಅನ್ನುವುದನ್ನು ಹೊರಡುವ ಮುಂಚೆ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ನಾನು ಬರೆಯುತ್ತಿರುವುದು ಅದಕ್ಕೇ.

ನಾವು ಸ್ಟುಟ್‌ಗಾರ್ಟ್‌ಗೆ ಬಂದಿದ್ದು 2022ರ ಕೊನೆಯಲ್ಲಿ. ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ನನಗೆ ಎಂಬೆಡೆಡ್ ಸಾಫ್ಟ್‌ವೇರ್ ಕೆಲಸ. 2024ರ ಹೊತ್ತಿಗೆ ಆ ಸೀಮೆಯ ಗಾಳಿಯೇ ಬದಲಾಗಿತ್ತು. ಕಾರಿನ ಬಿಡಿಭಾಗ ಮಾಡುವ ದೊಡ್ಡ ಕಂಪನಿ ಝಡ್‌ಎಫ್ 2028ರ ಒಳಗೆ ಜರ್ಮನಿಯಲ್ಲಿ 14,000ದವರೆಗೂ ಹುದ್ದೆ ಕಡಿಮೆ ಮಾಡುತ್ತೇವೆ ಎಂದು ಆ ಜುಲೈನಲ್ಲೇ ಹೇಳಿತ್ತು. ನಾನಿದ್ದದ್ದು ಅಲ್ಲಲ್ಲ, ಆದರೂ ಕ್ಯಾಂಟೀನಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಬ್ಲೂ ಕಾರ್ಡಿನ ಮೇಲಿರುವವರು, ಅಂದರೆ ಹೊರಗಿನ ಪರಿಣತರಿಗೆ ಯುರೋಪಿಯನ್ ಒಕ್ಕೂಟದ ದೇಶಗಳು ಕೊಡುವ ಕೆಲಸದ ಪರ್ಮಿಟ್ ಇಟ್ಟುಕೊಂಡವರು, ಕೆಲಸ ಹೋಗುವ ತನಕ ಕಾಯುತ್ತ ಕೂರುವುದು ಜಾಣತನವಲ್ಲ. ಕೆಲಸ ಇರುವಾಗಲೇ ಇನ್ನೊಂದು ಕೆಲಸ ಹುಡುಕುವುದು ವಾಸಿ. ಹುಡುಕುತ್ತ ಹೋದಾಗ ಸಿಕ್ಕಿದ್ದು ಐಂಡ್‌ಹೋವನ್. ಫಿಲಿಪ್ಸ್ 1891ರಲ್ಲಿ ಬಲ್ಬ್ ಮಾಡುತ್ತ ಶುರುವಾದ ಊರು ಅದು. 1984ರಲ್ಲಿ ಫಿಲಿಪ್ಸ್ ಮತ್ತು ಎಎಸ್‌ಎಂ ಎಂಬ ಕಂಪನಿ ಕೂಡಿ ಹುಟ್ಟುಹಾಕಿದ ಎಎಸ್‌ಎಂಎಲ್ ಈಗ ಪಕ್ಕದ ವೆಲ್ಡ್‌ಹೋವನ್‌ನಲ್ಲಿ ಚಿಪ್ ತಯಾರಿಸುವ ಯಂತ್ರಗಳನ್ನು ಮಾಡುತ್ತದೆ. ಸುತ್ತಮುತ್ತ ಅದಕ್ಕೆ ಭಾಗಗಳನ್ನು ಒದಗಿಸುವ ಕಂಪನಿಗಳು ಬೇಕಾದಷ್ಟಿವೆ. ಅಂಥ ಒಂದರಿಂದ ನನಗೆ ಆಫರ್ ಬಂತು.

ಮೊದಲ ತಲೆನೋವು ಪರ್ಮಿಟ್‌ನದು. ಬ್ಲೂ ಕಾರ್ಡ್ ಇದ್ದವರಿಗೆ ಜರ್ಮನಿಯಲ್ಲಿ 27 ತಿಂಗಳಿಗೆ ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ ಸಿಗುತ್ತದೆ, ಜರ್ಮನ್ ಭಾಷೆ ಬಿ1 ಎಂಬ ಮಧ್ಯಮ ಮಟ್ಟಕ್ಕೆ ಬಂದಿದ್ದರೆ 21ಕ್ಕೇ. ನಮ್ಮ ಮನೆಯಲ್ಲಿ ಬಿ1 ಪಾಸಾಗಿದ್ದು ಗಂಡ, ಕಾರ್ಡ್ ಇದ್ದದ್ದು ನನ್ನ ಹೆಸರಿನಲ್ಲಿ. ಹಾಗಾಗಿ 27 ತಿಂಗಳೇ ನಮ್ಮ ಲೆಕ್ಕ, ಅದು ತುಂಬುವ ಹೊತ್ತಿಗೆ ಸರಿಯಾಗಿ ನಾವು ಹೊರಟಿದ್ದು. ಕೈಗೆ ಬಂದ ತುತ್ತು ಬಿಟ್ಟು ಹೋಗ್ತೀರಲ್ಲ ಎಂದು ಗೊತ್ತಿದ್ದವರೆಲ್ಲ ಬೈದರು. ಆದರೆ ಆ ಪಿಆರ್ ನಡೆಯುವುದು ಜರ್ಮನಿಯೊಳಗೆ ಮಾತ್ರ. ಹೊರಗೆ ಹೋಗಿ ನೆಲೆಸಿದರೆ ಬಿದ್ದುಹೋಗುತ್ತದೆ. ಇಟ್ಟುಕೊಂಡು ಪೂಜೆ ಮಾಡಲು ಬಾರದ ಕಾಗದಕ್ಕಾಗಿ ಒಳ್ಳೆಯ ಕೆಲಸ ಬಿಡುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ.

ಜೊತೆಗೆ ಒಯ್ಯಬಹುದಾದ ಒಂದು ಸಂಗತಿ ಇತ್ತು. ಬ್ಲೂ ಕಾರ್ಡಿನ ಕಾನೂನನ್ನು ಯುರೋಪಿಯನ್ ಒಕ್ಕೂಟ 2021ರಲ್ಲಿ ತಿದ್ದಿತು. ಆಮೇಲೆ ಒಂದು ದೇಶದಲ್ಲಿ 12 ತಿಂಗಳು ಆ ಕಾರ್ಡಿನ ಮೇಲೆ ಇದ್ದವರು ಇನ್ನೊಂದು ದೇಶಕ್ಕೆ ಮತ್ತೆ ವೀಸಾ ಮಾಡಿಸದೆ ಹೋಗಿ, ಅಲ್ಲಿ ಹೊಸ ಬ್ಲೂ ಕಾರ್ಡಿಗೆ ಅರ್ಜಿ ಹಾಕಬಹುದು. ಡೆನ್ಮಾರ್ಕ್ ಮತ್ತು ಐರ್ಲೆಂಡ್ ಈ ಏರ್ಪಾಡಿನ ಹೊರಗಿವೆ, ಅಲ್ಲಿಗೆ ಹೋಗುವವರಿಗೆ ಇದು ಅನ್ವಯಿಸುವುದಿಲ್ಲ. ಇದಕ್ಕಿಂತ ಮುಖ್ಯವಾದದ್ದು, ಒಕ್ಕೂಟದ ದೀರ್ಘಕಾಲೀನ ವಾಸದ ಪರವಾನಗಿಗೆ ಬೇಕಾದ ಐದು ವರ್ಷಕ್ಕೆ ಜರ್ಮನಿಯಲ್ಲಿ ಕಳೆದ ಕಾಲವೂ ಸೇರುತ್ತದೆ. ಷರತ್ತು ಏನೆಂದರೆ ಕೊನೆಯ ಎರಡು ವರ್ಷ ಅರ್ಜಿ ಹಾಕುವ ದೇಶದಲ್ಲೇ, ಬ್ಲೂ ಕಾರ್ಡಿನ ಮೇಲೆಯೇ ಇರಬೇಕು.

ಎಡವಟ್ಟಾಗುವುದು ಇಲ್ಲೇ. ಪರಿಣತ ನೌಕರರಿಗೆಂದು ನೆದರ್ಲೆಂಡ್ಸ್‌ಗೆ ತನ್ನದೇ ಆದ 'ಕೆನಿಸ್‌ಮಿಗ್ರಾಂಟ್' ಪರ್ಮಿಟ್ ಇದೆ. ಕಂಪನಿಗಳಿಗೆ ರೂಢಿ ಇರುವುದು ಅದು. ಸಂಬಳ ಮಿತಿಗಿಂತ ಮೇಲಿದ್ದರೆ ಆಯಿತು, ಡಿಗ್ರಿ ಸರ್ಟಿಫಿಕೇಟನ್ನೂ ಕೇಳುವುದಿಲ್ಲ. ಎಚ್‌ಆರ್‌ನ ಹುಡುಗಿ ಆ ಫಾರಂ ತುಂಬಿಯೇ ಕಳಿಸಿದ್ದಳು, ಸಹಿ ಒಂದು ಬಾಕಿ. ನಾನು ಫೋನ್ ಮಾಡಿ ಬ್ಲೂ ಕಾರ್ಡೇ ಬೇಕು ಅಂದೆ.

"ಎರಡೂ ಒಂದೇ ಅಲ್ವಾ? ನೀವು ಮಾಡೋ ಕೆಲಸ ಅದೇ, ಸಂಬಳ ಅದೇ."

"ನಿಮಗೆ ಒಂದೇ. ನನಗೆ ಜರ್ಮನಿಯ ವರ್ಷಗಳು ಲೆಕ್ಕಕ್ಕೆ ಸಿಗಬೇಕು."

"ನಮ್ಮಲ್ಲಿ ಇದುವರೆಗೂ ಯಾರೂ ಕೇಳಿಲ್ಲ," ಅಂದಳು. ಬೇಸರದಿಂದಲ್ಲ, ಆಶ್ಚರ್ಯದಿಂದ. ನನ್ನ ಡಿಗ್ರಿ, ಅಂಕಪಟ್ಟಿ ಎಲ್ಲ ತರಿಸಿಕೊಂಡು ಹೊಸ ಅರ್ಜಿ ಮಾಡಿದಳು. ಇಲ್ಲಿ ಐಎನ್‌ಡಿ ಅನ್ನುವ ವಲಸೆ ಇಲಾಖೆಯಲ್ಲಿ ನೋಂದಾಯಿತ ಪ್ರಾಯೋಜಕ ಆಗಿರುವ ಕಂಪನಿಯೇ ಅರ್ಜಿ ಹಾಕುತ್ತದೆ, ನಾವು ಕಚೇರಿ ಅಲೆಯುವುದಿಲ್ಲ. ಸ್ಟುಟ್‌ಗಾರ್ಟ್‌ನಲ್ಲಿ ಕಾರ್ಡ್ ನವೀಕರಣಕ್ಕೆ ಚಳಿಯಲ್ಲಿ ಸಾಲು ನಿಂತವಳಿಗೆ ಇದು ದೊಡ್ಡ ಸುಖ.

ಇನ್ನು ಮೂವತ್ತು ಪರ್ಸೆಂಟ್. ಹೊರದೇಶದಿಂದ ಕರೆಸಿಕೊಂಡ ಪರಿಣತರಿಗೆ ನೆದರ್ಲೆಂಡ್ಸ್ ಸಂಬಳದ ಶೇ 30ರವರೆಗೆ ತೆರಿಗೆ ಇಲ್ಲದೆ ಕೊಡಲು ಬಿಡುತ್ತದೆ, ಹೆಚ್ಚೆಂದರೆ ಐದು ವರ್ಷ. 2027ರಿಂದ ಅದು ಶೇ 27. ಭಾರತದಿಂದ ನೇರ ಬರುವವರಿಗೆ ಇದರಲ್ಲಿ ಹೆಚ್ಚು ಗೊಂದಲವಿಲ್ಲ. ಪಕ್ಕದ ದೇಶದಿಂದ ಬರುವವರಿಗೆ ಒಂದು ವಿಚಿತ್ರ ನಿಯಮ ಇದೆ: ಕೆಲಸ ಶುರುವಾಗುವ ಹಿಂದಿನ 24 ತಿಂಗಳಲ್ಲಿ 16 ತಿಂಗಳಿಗೂ ಹೆಚ್ಚು ಕಾಲ ಡಚ್ ಗಡಿಯಿಂದ 150 ಕಿಲೋಮೀಟರ್ ಆಚೆ ವಾಸವಾಗಿರಬೇಕು. ರಸ್ತೆ ದೂರವಲ್ಲ, ನಕ್ಷೆಯ ಮೇಲೆ ನೇರ ಗೆರೆ ಎಳೆದ ದೂರ. ಸ್ಟುಟ್‌ಗಾರ್ಟ್ ಆರಾಮವಾಗಿ ಪಾಸ್. ನಮ್ಮ ಪರಿಚಯದ ಮೈಸೂರಿನ ದಂಪತಿ ಇದ್ದದ್ದು ಡ್ಯೂಸೆಲ್‌ಡಾರ್ಫ್‌ನಲ್ಲಿ. ನನ್ನಂಥದೇ ಕೆಲಸ, ನನಗಿಂತ ಜಾಸ್ತಿ ಅನುಭವ. ಅವರಿಗೆ ಒಂದು ಪೈಸೆಯೂ ಇಲ್ಲ, ಗಡಿ ತೀರಾ ಹತ್ತಿರ. ಆತ ಈಗ, ಮ್ಯೂನಿಕ್‌ಗೆ ಹೋಗಿ ಒಂದೂವರೆ ವರ್ಷ ಇದ್ದು ಆಮೇಲೆ ಬಂದರೆ ಹೇಗೆ ಎಂದು ಲೆಕ್ಕ ಹಾಕುತ್ತಿದ್ದಾರೆ. ಹೆಂಡತಿ ಒಪ್ಪಿಲ್ಲ. ಈ ಸವಲತ್ತಿನ ಅರ್ಜಿಯನ್ನು ಕೆಲಸಕ್ಕೆ ಸೇರಿದ ನಾಲ್ಕು ತಿಂಗಳೊಳಗೆ ಹಾಕಿದರೆ ಮೊದಲ ದಿನದಿಂದಲೇ ಅನ್ವಯಿಸುತ್ತದೆ, ತಡವಾದರೆ ಹಿಂದಿನದು ಹೋಯಿತು.

ಇದರ ಬಾಲದಲ್ಲಿ ಇನ್ನೊಂದು ತಮಾಷೆ ಇದೆ. ಜರ್ಮನಿಯಲ್ಲಿ ನಮ್ಮ ಡ್ರೈವಿಂಗ್ ಲೈಸೆನ್ಸ್ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಥಿಯರಿ ಪರೀಕ್ಷೆ, ರಸ್ತೆ ಪರೀಕ್ಷೆ, ಡ್ರೈವಿಂಗ್ ಶಾಲೆಯ ಫೀಸು, ಎಲ್ಲ ಹೊಸದಾಗಿ. ಬೆಂಗಳೂರಿನ ಸಿಲ್ಕ್ ಬೋರ್ಡ್‌ನಲ್ಲಿ ಗಾಡಿ ಓಡಿಸಿದವಳು ಕನ್ನಡಿ ನೋಡುವುದು ಹೇಗೆ ಅಂತ ಹೇಳಿಸಿಕೊಂಡು ಒಂದು ರಾಶಿ ದುಡ್ಡು ಸುರಿದು ಜರ್ಮನ್ ಲೈಸೆನ್ಸ್ ಪಡೆದಿದ್ದೆ. ಐಂಡ್‌ಹೋವನ್‌ಗೆ ಬಂದರೆ, ಮೂವತ್ತು ಪರ್ಸೆಂಟ್ ಸವಲತ್ತು ಇದ್ದವರೂ ಅವರ ಮನೆಯವರೂ ಭಾರತದ ಲೈಸೆನ್ಸನ್ನು ಪರೀಕ್ಷೆಯಿಲ್ಲದೆ ಡಚ್ ಲೈಸೆನ್ಸಿಗೆ ಬದಲಾಯಿಸಿಕೊಳ್ಳಬಹುದಂತೆ! ನಮ್ಮ ಯಜಮಾನರು ತಮ್ಮ ತುಮಕೂರು ಆರ್‌ಟಿಒ ಕಾರ್ಡ್ ಕೊಟ್ಟು ಹಾಗೇ ಮಾಡಿಸಿಕೊಂಡರು. ಆ ಖುಷಿಯಲ್ಲಿ ವಾರವಿಡೀ ನನ್ನನ್ನು ಆಡಿಕೊಂಡರು.

ಜರ್ಮನಿಯಲ್ಲಿ ಬಿಟ್ಟುಹೋಗುವುದೂ ಒಂದು ಕೆಲಸವೇ. ಬಾಡಿಗೆ ಮನೆಗೆ ಮೂರು ತಿಂಗಳ ನೋಟಿಸ್ ಕೊಡಬೇಕು. ಅದು ತಿಂಗಳ ಮೂರನೇ ಕೆಲಸದ ದಿನದೊಳಗೆ ಮಾಲೀಕರ ಕೈ ಸೇರಬೇಕು, ಕಾಗದದ ಮೇಲೆ, ಶಾಯಿಯ ಸಹಿಯೊಂದಿಗೆ. ಇಮೇಲ್ ಹಾಕಿದರೆ ಕಾನೂನಿನ ಪ್ರಕಾರ ನೀವು ಏನನ್ನೂ ಹೇಳಿಲ್ಲ ಅಂತಲೇ ಅರ್ಥ. ನೌಕರಿಯ ರಾಜೀನಾಮೆಗೂ ಅದೇ ನಿಯಮ. ಊರಿನ ದಫ್ತರಿನಿಂದ ಹೆಸರು ತೆಗೆಸುವ ಆಬ್‌ಮೆಲ್ಡುಂಗ್ ಅನ್ನು ಹೊರಡುವ ಒಂದು ವಾರ ಮುಂಚಿನಿಂದ ಹೊರಟ ಎರಡು ವಾರದೊಳಗೆ ಮಾಡಿಸಬೇಕು. ಆ ಚೀಟಿ ಜೋಪಾನ. ಮನೆಗೆ ತಿಂಗಳಿಗೆ 18.36 ಯೂರೋ ಬೀಳುವ ರೇಡಿಯೊ-ಟಿವಿ ಶುಲ್ಕ ನಿಲ್ಲಿಸುವುದಕ್ಕೆ, ಇಂಟರ್ನೆಟ್ ಕರಾರು ಮುರಿಯುವುದಕ್ಕೆ ಎಲ್ಲರೂ ಮೊದಲು ಕೇಳುವುದು ಅದನ್ನೇ.

ಮನೆ ಒಪ್ಪಿಸಿದ ದಿನ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಾಲೀಕರು ಎಪ್ಪತ್ತು ದಾಟಿದವರು. ಟಾರ್ಚ್ ಹಿಡಿದು ಬಂದರು, ಹಗಲು ಹನ್ನೊಂದು ಗಂಟೆಗೆ. ಕಿಟಕಿಯ ರಬ್ಬರು, ಬಚ್ಚಲಿನ ಸಿಲಿಕೋನ್ ಅಂಚು, ಕ್ಯಾಲೆಂಡರ್ ತೂಗುಹಾಕಿದ್ದ ಮೊಳೆಯ ತೂತು, ಒಂದೊಂದರ ಮೇಲೂ ಬೆಳಕು ಬಿಟ್ಟು ನೋಡಿದರು. ಅಡುಗೆಮನೆಯಲ್ಲಿ ಒಲೆಯ ಹಿಂದಿನ ಗೋಡೆಗೆ ನಾವು ಎರಡು ಸಲ ಬಿಳಿ ಬಣ್ಣ ಹೊಡೆದಿದ್ದೆವು. ಎರಡೂಕಾಲು ವರ್ಷದ ಒಗ್ಗರಣೆಯ ಅರಿಶಿನ ಅದರೊಳಗಿಂದಲೂ ಇಣುಕುತ್ತಿತ್ತು. ಅವರು ಬಗ್ಗಿ ಮೂಗನ್ನು ಗೋಡೆಯ ಹತ್ತಿರ ಒಯ್ದು, "ಕರಿ?" ಅಂದರು. ನಾನು ತಲೆಯಾಡಿಸಿದೆ. ಒಪ್ಪಿಸುವ ಪತ್ರದಲ್ಲಿ 'ಅಡುಗೆಮನೆಯ ಗೋಡೆ, ತೆಳು ಹಳದಿ, ತಕರಾರಿಲ್ಲ' ಎಂದು ಬರೆದುಕೊಂಡು ಸಹಿ ಹಾಕಿಸಿದರು. ಮೆಟ್ಟಿಲು ಗುಡಿಸುವ ಸರದಿಯ ಹಲಗೆ ಆ ವಾರ ನಮ್ಮ ಬಾಗಿಲಿಗೇ ನೇತಾಡುತ್ತಿತ್ತು. ಸ್ವೇಬಿಯಾ ಎಂಬ ಆ ಸೀಮೆಯವರಿಗೆ ಈ ಕೇರ್‌ವೊಹೆ ಪದ್ಧತಿ ಮಡಿಯಷ್ಟೇ ಗಂಭೀರ. ಪಕ್ಕದ ಮನೆಯ ಅಜ್ಜಿ ಬೀಳ್ಕೊಡಲು ಬಂದವರು ಹಲಗೆಯತ್ತ ಒಮ್ಮೆ ನೋಡಿ, ನನ್ನತ್ತ ಒಮ್ಮೆ ನೋಡಿದರು. ಲಾರಿ ಬರುವ ಮೊದಲು ಮೂರೂ ಮಹಡಿಯ ಮೆಟ್ಟಿಲು ಗುಡಿಸಿ ಒರೆಸಿಯೇ ಹೊರಟಿದ್ದು.

ಕಲೋನ್ ದಾಟಿ ವೆನ್ಲೊ ಹತ್ತಿರ ಗಡಿ. 2024ರ ಡಿಸೆಂಬರ್‌ನಿಂದ ಡಚ್ಚರೂ ಅಲ್ಲಲ್ಲಿ ತಪಾಸಣೆ ಶುರು ಮಾಡಿದ್ದರು, ನಮ್ಮನ್ನು ಯಾರೂ ತಡೆಯಲಿಲ್ಲ. ಕಾರಿನ ವೇಗವನ್ನು ಮಾತ್ರ ತಗ್ಗಿಸಬೇಕಾಯಿತು. ಈ ದೇಶದ ಬಹುಪಾಲು ಹೆದ್ದಾರಿಗಳಲ್ಲಿ ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ ಗಂಟೆಗೆ 100 ಕಿಲೋಮೀಟರ್ ಮಿತಿ.

ಬಂದ ಐದು ದಿನದೊಳಗೆ ನಗರಸಭೆಯಲ್ಲಿ ಹೆಸರು ಬರೆಸಬೇಕು. ಐಂಡ್‌ಹೋವನ್‌ನಲ್ಲಿ ಹಾಲೆಂಡ್ ಎಕ್ಸ್‌ಪ್ಯಾಟ್ ಸೆಂಟರ್ ಸೌತ್ ಎಂಬ ಕಚೇರಿ ಇದೆ. ಬೆರಳಚ್ಚು, ನೋಂದಣಿ, ನಮ್ಮ ಆಧಾರ್‌ನಂಥ ಬಿಎಸ್‌ಎನ್ ಎಂಬ ಒಂಬತ್ತು ಅಂಕಿಯ ನಂಬರ್, ಎಲ್ಲ ಒಂದೇ ಮೇಜಿನಲ್ಲಿ ಆಯಿತು. ಇಂಗ್ಲಿಷಿನಲ್ಲಿ, ನಗುನಗುತ್ತ, ಕಾಫಿ ಕೊಟ್ಟು. ಯಜಮಾನರಂತೂ ಏನೋ ಮೋಸ ಇರಬೇಕು ಎಂದು ಕೊನೆಯವರೆಗೂ ಕಾಯುತ್ತಿದ್ದರು. ಬ್ಯಾಂಕಿನ ವಿಷಯ ಅಷ್ಟು ಸಲೀಸಲ್ಲ. ಯೂರೋ ವಲಯದ ಯಾವುದೇ ಐಬಿಎಎನ್, ಅಂದರೆ ಬ್ಯಾಂಕ್ ಖಾತೆ ಸಂಖ್ಯೆ, ಎಲ್ಲ ಕಡೆ ನಡೆಯಬೇಕು ಅನ್ನುವುದು ಕಾನೂನು. ನಡೆಯುವುದು ಬೇರೆ. ಇಲ್ಲಿ ಆನ್‌ಲೈನ್ ಕೊಳ್ಳುವುದೆಲ್ಲ ಐಡೀಲ್ ಮೇಲೆ, ಗೆಳೆಯರ ಜೊತೆ ತಿಂದ ಪಿಜ್ಜಾದ ಪಾಲು ವಸೂಲಿಗೆ ಟಿಕ್ಕಿ, ಎಲ್ಲ ಡಚ್ ಖಾತೆ ಇದ್ದವರ ಅನುಕೂಲಕ್ಕೆ ಕಟ್ಟಿದ್ದು. ಮೊದಲು ಖಾತೆ ತೆರೆಯಿರಿ, ಮಿಕ್ಕಿದ್ದು ಆಮೇಲೆ.

ಮನೆ ಸಿಗುವುದು ಎರಡೂ ದೇಶಗಳಲ್ಲಿ ಕಷ್ಟ, ಕಷ್ಟದ ಬಗೆ ಬೇರೆ. ಜರ್ಮನಿಯಲ್ಲಿ ಮೂರು ತಿಂಗಳ ಬಾಡಿಗೆಯವರೆಗೆ ಅಡ್ವಾನ್ಸ್ ಕೇಳಬಹುದು, ಇಲ್ಲಿ 2023ರ ಜುಲೈನಿಂದ ಎರಡೇ ತಿಂಗಳದು. 2024ರ ಜುಲೈನಿಂದ ಅವಧಿಯಿಲ್ಲದ ಕರಾರೇ ಸಾಮಾನ್ಯ ನಿಯಮ. ಬಾಡಿಗೆದಾರರಿಗೆ ಒಳ್ಳೆಯದೇ, ಆದರೆ ಬಾಡಿಗೆ ಕೊಡುವ ಬದಲು ಮನೆ ಮಾರಿಬಿಟ್ಟ ಮಾಲೀಕರೂ ಇದ್ದಾರೆ. ನಮಗೆ ಸಿಕ್ಕ ಮನೆಯ ಜಾಹೀರಾತಿನಲ್ಲಿ 'ಕಾಲ್' ಎಂದಿತ್ತು, ಬರಿಯ ಮನೆ. ಜರ್ಮನಿಯಲ್ಲಿ ಬರಿಯ ಮನೆ ಅಂದರೆ ಅಡುಗೆಮನೆ ಇರುವುದಿಲ್ಲ. ಸಿಂಕು, ಒಲೆ, ಕಪಾಟು ಎಲ್ಲವನ್ನೂ ಬಾಡಿಗೆದಾರರು ಬಿಚ್ಚಿಕೊಂಡು ಹೋಗುತ್ತಾರೆ. ಇಲ್ಲಿ ಅಡುಗೆಮನೆ ಇತ್ತು. ನೆಲ ಇರಲಿಲ್ಲ. ಬಾಗಿಲು ತೆಗೆದರೆ ಬೂದು ಸಿಮೆಂಟು, ಅದರ ಮೇಲೆ ಹಳೆಯ ಅಂಟಿನ ಕಲೆ.

ಹುಬ್ಬಳ್ಳಿ ಕಡೆಯ ಸಹೋದ್ಯೋಗಿಯೊಬ್ಬರು ಶನಿವಾರ ಗರಗಸ, ಸುತ್ತಿಗೆ ಹಿಡಿದು ಬಂದರು.

"ಇಲ್ಲಿ ಮಂದಿ ಮನಿ ಬಿಟ್ಟು ಹೋಗುವಾಗ ನೆಲಾನೂ ಕಿತ್ಗೊಂಡು ಹೊಕ್ಕಾರ್ರಿ. ಹಿಂದಿದ್ದವ್ರಿಗೆ ರೊಕ್ಕಾ ಕೊಟ್ಟು ಹಂಗs ಬಿಡ್ರಿ ಅಂತ ಹೇಳ್ಬೇಕಿತ್ತ್ ನೋಡ್ರಿ."

"ಹಿಂದಿದ್ದವರು ನಾವು ನೋಡೋಕೆ ಬರೋ ಮುಂಚೇನೇ ಹೋಗಿದ್ರು ಸಾರ್," ಅಂದರು ನಮ್ಮವರು.

"ಆತ್ ಬಿಡ್ರಿ. ಗ್ವಾಡಿ ಕಡೆ ಸ್ವಲ್ಪ ಜಾಗ ಬಿಟ್ಟು ಹಾಕೂಣು. ಚಳಿಗಾಲ, ಬ್ಯಾಸಿಗಿಗೆ ಇದು ಹಿಗ್ತದ, ಕುಗ್ತದ."

ಲ್ಯಾಮಿನೇಟ್ ಹಲಗೆಗಳನ್ನು ಒಂದಕ್ಕೊಂದು ಕಚ್ಚಿಸಿ, ಮರದ ತುಂಡು ಅಡ್ಡ ಇಟ್ಟು ಸುತ್ತಿಗೆಯಿಂದ ತಟ್ಟುತ್ತ ಸಂಜೆ ಹೊತ್ತಿಗೆ ಹಾಲ್ ಮುಗಿಯಿತು. ಕಡಿದಾದ ಡಚ್ ಮೆಟ್ಟಿಲಿನಲ್ಲಿ ಮಂಚ ಹತ್ತಲಿಲ್ಲ. ಅದಕ್ಕೆಂದೇ ಬಾಡಿಗೆಗೆ ಸಿಗುವ ಏಣಿಯಂಥ ಲಿಫ್ಟ್ ತರಿಸಿ ಕಿಟಕಿಯಿಂದ ಒಳಗೆ ತೆಗೆದುಕೊಂಡೆವು. ಊರಿಂದ ತಂದ ವೆಟ್ ಗ್ರೈಂಡರೂ ಮಂಚದ ಜೊತೆ ಕಿಟಕಿಯಿಂದಲೇ ಗೃಹಪ್ರವೇಶ ಮಾಡಿತು.

ಆರೋಗ್ಯದ ವಿಷಯದಲ್ಲಿ ಜರ್ಮನಿಗೇ ನನ್ನ ಓಟು. ಅಲ್ಲಿ ಸಂಪಾದನೆ ಇಲ್ಲದ ಸಂಗಾತಿ ದುಡಿಯುವವರ ವಿಮೆಯೊಳಗೇ ಬಿಟ್ಟಿಯಾಗಿ ಸೇರುತ್ತಿದ್ದರು. ಚರ್ಮದ ಡಾಕ್ಟರು, ಕಿವಿಯ ಡಾಕ್ಟರು ಯಾರ ಹತ್ತಿರ ಬೇಕಾದರೂ ನೇರ ಹೋಗಬಹುದಿತ್ತು. ಇಲ್ಲಿ ವಯಸ್ಕರೆಲ್ಲ ತಮ್ಮ ತಮ್ಮ ಕಂತು ಕಟ್ಟಬೇಕು, ಕೆಲಸ ಇರಲಿ ಬಿಡಲಿ. ಹದಿನೆಂಟರೊಳಗಿನ ಮಕ್ಕಳಿಗೆ ಕಂತಿಲ್ಲ. ವರ್ಷದ ಮೊದಲ 385 ಯೂರೋ ಖರ್ಚು ನಮ್ಮದೇ, ಆಮೇಲೆ ವಿಮೆ. ಎಲ್ಲಕ್ಕೂ ಮೊದಲು ಹೋಗಬೇಕಾದದ್ದು ಹೌಸ್‌ಆರ್ಟ್ಸ್ ಎಂಬ ಕುಟುಂಬ ವೈದ್ಯರ ಹತ್ತಿರ, ಮನೆ ಹತ್ತಿರದವರಲ್ಲಿ ಅನೇಕರು ಹೊಸಬರನ್ನು ಸೇರಿಸಿಕೊಳ್ಳುವುದೇ ಇಲ್ಲ. ಏನೇ ಆದರೂ ಇಲ್ಲಿಯ ಡಾಕ್ಟರು ಪ್ಯಾರಾಸಿಟಮಾಲ್ ನುಂಗಿ ಅನ್ನುತ್ತಾರೆ ಎಂಬ ಜೋಕು ಇದೆ. ಅದು ಜೋಕಲ್ಲ. ಒಂದು ವಿಷಯ ಮಾತ್ರ ಇಲ್ಲಿಯದೇ ಚೆನ್ನ: ಕಾಯಿಲೆಯಾದರೆ ಏನಾಗಿದೆ ಎಂದು ಕೇಳುವ ಹಕ್ಕು ಕಂಪನಿಗಿಲ್ಲ, ಡಾಕ್ಟರ ಚೀಟಿಯೂ ಬೇಡ. ದೀರ್ಘ ಕಾಯಿಲೆಗೆ ಎರಡು ವರ್ಷದವರೆಗೆ ಕನಿಷ್ಠ ಶೇ 70 ಸಂಬಳವನ್ನು ಕಂಪನಿಯೇ ಕೊಡಬೇಕು.

ಮಗಳು ಸ್ಟುಟ್‌ಗಾರ್ಟ್‌ನಲ್ಲಿ ಆರು ತುಂಬಿದ ಮೇಲೆ ಒಂದನೇ ಕ್ಲಾಸಿಗೆ ಸೇರಿದ್ದಳು, ತನ್ನಷ್ಟೇ ಎತ್ತರದ ಮಿಠಾಯಿ ತುಂಬಿದ ಕಾಗದದ ಶಂಕು ಹಿಡಿದು. ಇಲ್ಲಿಯ ಮಕ್ಕಳು ನಾಲ್ಕು ತುಂಬಿದ ಕೂಡಲೇ ಶಾಲೆಗೆ ಹೋಗುತ್ತಾರೆ, ಆ ಹೊತ್ತಿಗೆ ಅವಳ ಓರಗೆಯವರು ಮೂರನೇ 'ಗುಂಪಿ'ನಲ್ಲಿ ಓದುತ್ತಿದ್ದರು. ಅವಳನ್ನು ಮೊದಲು ಹೊಸದಾಗಿ ಬಂದ ಮಕ್ಕಳ ಭಾಷಾ ತರಗತಿಗೆ ಹಾಕಿದರು. ಉಕ್ರೇನ್, ಸಿರಿಯಾ, ತಮಿಳುನಾಡು, ಬ್ರೆಜಿಲ್, ಎಲ್ಲ ಒಂದೇ ಕೋಣೆಯಲ್ಲಿ. ಬೇಸಿಗೆ ರಜೆಯ ಹೊತ್ತಿಗೆ ಅವಳೇ ಅಂಗಡಿಯಲ್ಲಿ ನಮಗೆ ದುಭಾಷಿ. ಅವಳ ಬಗ್ಗೆ ನಾವು ಪಟ್ಟ ಚಿಂತೆಯೆಲ್ಲ ದಂಡ.

ಚಿಂತೆ ಮಾಡಬೇಕಾಗಿದ್ದದ್ದು ಅವಳ ಅಪ್ಪನ ಬಗ್ಗೆ. ತುಮಕೂರಿನ ಕಾಲೇಜಿನಲ್ಲಿ ಕಾಮರ್ಸ್ ಹೇಳುತ್ತಿದ್ದ ಮನುಷ್ಯ ನನ್ನ ಹಿಂದೆ ಬಂದು, ರಾತ್ರಿ ಕೂತು ಜರ್ಮನ್ ಕಲಿತು, ಸ್ಟುಟ್‌ಗಾರ್ಟ್‌ನ ಬೇಕರಿಯೊಂದರ ಕೌಂಟರಿಗೆ ಸೇರಿದ್ದರು. ಬೆಳಿಗ್ಗೆ ಬರುವ ಅಜ್ಜಿಯರ ಜೊತೆ ಅಲ್ಲಿಯ ಆಡುಮಾತಿನಲ್ಲೇ ಹವಾಮಾನ ಬೈಯುವಷ್ಟು ಪಳಗಿದ್ದರು. ಗಡಿ ದಾಟಿದ ದಿನ ಅದೆಲ್ಲ ಸೊನ್ನೆ. ಹೆಂಡತಿಯ ಕೆಲಸಕ್ಕಾಗಿ ಎರಡನೇ ಸಲ ಸೊನ್ನೆಯಿಂದ ಶುರು ಮಾಡುವುದು ಎಷ್ಟು ಗಂಡಸರಿಗೆ ಆದೀತೋ ಗೊತ್ತಿಲ್ಲ. ನಮ್ಮವರು ಒಂದು ತಿಂಗಳು ಮಾತು ಕಡಿಮೆ ಮಾಡಿದರು. ಇಲ್ಲಿ ಸಂಗಾತಿಗೆ ಕೊಡುವ ಪರ್ಮಿಟ್ಟಿನ ಮೇಲೆ ಯಾವ ಕೆಲಸವನ್ನಾದರೂ ಮಾಡಬಹುದು, ಬೇರೆ ಅನುಮತಿ ಬೇಡ. ಈಗ ವಾರಕ್ಕೆ ಮೂರು ದಿನ ಗೋದಾಮೊಂದರಲ್ಲಿ ಸ್ಟಾಕ್ ಲೆಕ್ಕ ನೋಡುತ್ತಾರೆ, ಎರಡು ಸಂಜೆ ಡಚ್ ಕ್ಲಾಸು. ಮೂರು ದಿನದ ಕೆಲಸ ಅಂದರೆ ಇಲ್ಲಿ ಯಾರೂ ಕನಿಕರದಿಂದ ನೋಡುವುದಿಲ್ಲ, ಅರೆಕಾಲಿಕ ದುಡಿಮೆ ಈ ದೇಶದಲ್ಲಿ ಅಷ್ಟು ಮಾಮೂಲು. ಡಚ್ ಕಲಿಯಲು ಜರ್ಮನ್ ಸಹಾಯವಾಗುತ್ತದಾ ಎಂದು ಕೇಳಿದರೆ, "ಓದೋಕೆ ಆಗುತ್ತೆ, ಬಾಯಿ ತೆಗೆದರೆ ಬೇಕರಿ ಬರುತ್ತೆ" ಅನ್ನುತ್ತಾರೆ.

ಪಿಂಚಣಿಯ ಬಗ್ಗೆ ನಮ್ಮವರು ಯಾರೂ ವಿಚಾರಿಸುವುದಿಲ್ಲ, ವಿಚಾರಿಸಬೇಕು. ಜರ್ಮನಿಯಲ್ಲಿ ಪಿಂಚಣಿಯ ಹಕ್ಕು ಹುಟ್ಟಬೇಕಾದರೆ 60 ತಿಂಗಳು ಕಟ್ಟಿರಬೇಕು. ನಾನು ಅದರ ಹೆಚ್ಚುಕಡಿಮೆ ಅರ್ಧ ಕಟ್ಟಿದ್ದೆ. ಆದರೆ ಒಕ್ಕೂಟದ ನಿಯಮದ ಪ್ರಕಾರ ಡಚ್ ವರ್ಷಗಳನ್ನೂ ಕೂಡಿಸಿ ಆ 60 ನೋಡುತ್ತಾರೆ, ಭಾರತೀಯರಿಗೂ ಇದು ಅನ್ವಯಿಸುತ್ತದೆ. ಮುಂದೆ ಎರಡೂ ದೇಶಗಳು ತಮ್ಮ ತಮ್ಮ ಪಾಲು ಕೊಡುತ್ತವೆ. ಇಲ್ಲಿಯ ಎಒಡಬ್ಲ್ಯೂ ಎಂಬ ಸರ್ಕಾರಿ ಪಿಂಚಣಿಗೆ ಒಂದು ವರ್ಷದ ವಾಸಕ್ಕೆ ಶೇ 2ರಂತೆ ಸೇರುತ್ತ ಹೋಗುತ್ತದೆ. ಪೂರ್ತಿ ಬೇಕಾದರೆ 50 ವರ್ಷ ಇರಬೇಕು, ಅಷ್ಟು ಆಸೆ ನಮಗಿಲ್ಲ. ಜರ್ಮನಿಯ ಪಿಂಚಣಿ ಇಲಾಖೆಯ ಕಾಗದಗಳನ್ನು ಅದಕ್ಕೆಂದೇ ಒಂದು ಫೈಲು ಮಾಡಿ ಇಟ್ಟಿದ್ದೇನೆ.

ಸ್ಟುಟ್‌ಗಾರ್ಟ್ ಮನೆಯ ಅಡ್ವಾನ್ಸಿನ ಒಂದು ಪಾಲು ಇನ್ನೂ ಮಾಲೀಕರ ಹತ್ತಿರವೇ ಇದೆ. ಹೀಟಿಂಗ್ ಮತ್ತು ನೀರಿನ ವಾರ್ಷಿಕ ಲೆಕ್ಕ ಕೊಡಲು ವರ್ಷ ಮುಗಿದ ಮೇಲೂ ಅವರಿಗೆ 12 ತಿಂಗಳು ಕಾಲಾವಕಾಶವಿದೆ. ಮೊನ್ನೆ ಒಂದು ಇಮೇಲ್ ಹಾಕಿ ಕೇಳಿದ್ದೆ. ಉತ್ತರ ಅಂಚೆಯಲ್ಲಿ ಬಂತು, ಕಾಗದದ ಮೇಲೆ, ಶಾಯಿಯ ಸಹಿಯೊಂದಿಗೆ: ಲೆಕ್ಕ ಇನ್ನೂ ಆಗಿಲ್ಲ.